‘ಇಂಟರ್‌ನ್ಯಾಷನಲ್ ಇನ್ವಿಟೇಷನ್’ ಟೂರ್ನಿ ಆಡಿದರೆ ಭಾರತ ತಂಡಕ್ಕೆ ಆಯ್ಕೆಯಾದಂತೆಯೇ?

ನೀಲಿ ಜೆರ್ಸಿ ತೊಟ್ಟು ತ್ರಿವರ್ಣ ಧ್ವಜ ಹಿಡಿದ ಹುಡುಗಿಯರ ಫೋಟೊ. ಕೆಳಗೆ, ‘ಅಂತರರಾಷ್ಟ್ರೀಯ ಆಹ್ವಾನಿತ ಮಹಿಳಾ ಹ್ಯಾಂಡ್‌ಬಾಲ್ ಟೂರ್ನಿ: ನಮ್ಮೂರ ಹುಡುಗಿ ಭಾರತ ತಂಡಕ್ಕೆ ಆಯ್ಕೆ. ಎಲ್ಲರಿಗೂ ಶೇರ್ ಮಾಡಿ’. ಕಾರವಾರ, ಅಂಕೋಲಾದ ಯಾವುದೇ ವಾಟ್ಸ್‌ಆ್ಯಪ್ ಗುಂಪಿಗೆ ಇಂಥ ಸಂದೇಶ ಬಂದರೆ ನಾವು ಖುಷಿಯಿಂದ ಮುಂದೆ ಕಳಿಸುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಬರಬಹುದು: ‘ಕೆಲವೇ ಸೀಟು ಉಳಿದಿವೆ. ಹಣ ಕಟ್ಟಿ. ಸರ್ಟಿಫಿಕೇಟ್ ಇದ್ದರೆ ಸರ್ಕಾರಿ ನೌಕರಿ ಗ್ಯಾರಂಟಿ’. ಎಚ್ಚರ ಬೇಕಿರುವುದು ಇಲ್ಲಿ.

‘ಆಹ್ವಾನಿತ’ ಎಂದರೆ ಏನು?

ಆಯೋಜಕರು ತಮಗೆ ಬೇಕಾದ ತಂಡಗಳನ್ನು ಕರೆದು ಆಡಿಸುವ ಟೂರ್ನಿ ಅದು. ಅದರಲ್ಲಿ ಮೋಸವೇನೂ ಇಲ್ಲ. ರೊಮೇನಿಯಾದ ಕಾರ್ಪಾಥಿಯನ್ ಟ್ರೋಫಿಯಲ್ಲಿ ದೇಶಗಳ ಮಹಿಳಾ ತಂಡಗಳು ಸೌಹಾರ್ದ ಪಂದ್ಯ ಆಡುತ್ತವೆ. 1970ರಲ್ಲಿ ಶುರುವಾಗಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆಯುವ ಪಾರ್ಟಿಲೆ ಕಪ್‌ಗೆ ಹಲವು ದೇಶಗಳ ಮಕ್ಕಳ ಕ್ಲಬ್‌ಗಳು ಶುಲ್ಕ ಕಟ್ಟಿ ಬರುತ್ತವೆ. ಅಲ್ಲಿ ಆಡಿದ ಮಕ್ಕಳು ತಮ್ಮ ಕ್ಲಬ್ಬಿನ ಪರ ಆಡಿದರೇ ಹೊರತು ದೇಶದ ಪರ ಅಲ್ಲ.

ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲ. ಹಾಗಾಗಿ ಗಡಿ ದಾಟಿ ಎರಡು ಪಂದ್ಯ ಆಡಿ ‘ಅಂತರರಾಷ್ಟ್ರೀಯ’ ಎಂದು ಬರೆದುಕೊಳ್ಳುವುದು ಕಷ್ಟವಲ್ಲ.

ನಿಜವಾದ ಭಾರತ ತಂಡ ಯಾವುದು?

ಅಂತರರಾಷ್ಟ್ರೀಯ ಅಥವಾ ಏಷ್ಯನ್ ಹ್ಯಾಂಡ್‌ಬಾಲ್ ಫೆಡರೇಷನ್ ನಡೆಸುವ ಚಾಂಪಿಯನ್‌ಷಿಪ್‌ಗೆ, ರಾಷ್ಟ್ರೀಯ ಫೆಡರೇಷನ್ ಆರಿಸಿ ಕಳಿಸುವ ತಂಡ. ಉದಾಹರಣೆಗೆ, 2022ರ ಮಾರ್ಚ್‌ನಲ್ಲಿ ಕಜಕಸ್ತಾನದ ಅಲ್ಮಾಟಿಯಲ್ಲಿ ನಡೆದ ಏಷ್ಯನ್ ಜೂನಿಯರ್ ಮಹಿಳಾ ಚಾಂಪಿಯನ್‌ಷಿಪ್ ಅನ್ನು ಭಾರತದ ಹುಡುಗಿಯರು ಗೆದ್ದರು. ಅದು ದೇಶದ ತಂಡ.

ನೌಕರಿಯ ಮಾತು ನಿಜವೇ?

ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಪಟ್ಟಿಯಲ್ಲಿ ಹ್ಯಾಂಡ್‌ಬಾಲ್ ಇದೆ. ಆದರೆ ಅಂತರರಾಷ್ಟ್ರೀಯ ಆಟಗಾರ್ತಿ ಎಂದು ತೋರಿಸಲು ಆ ಕ್ರೀಡೆಯ ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯ ಸಹಿ ಇರುವ, ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಆಯೋಜಕರು ಕೊಟ್ಟ ಬಣ್ಣದ ಸರ್ಟಿಫಿಕೇಟ್ ಸಾಲದು. ಸರಿಯಾದ ಪತ್ರ ಇದ್ದರೂ ಸಿಗುವುದು ಅರ್ಜಿ ಹಾಕುವ ಅರ್ಹತೆ, ಗ್ಯಾರಂಟಿ ಅಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ತಂಡದ ಪರ ಆಡಿದವರೂ ಇದೇ ಕೋಟಾಕ್ಕೆ ಅರ್ಹರು. ಅಂದರೆ ಅಂಕೋಲಾದ ಜೈಹಿಂದ್ ಮೈದಾನದಲ್ಲೋ ಕಾರವಾರದ ಮಾಲಾದೇವಿ ಮೈದಾನದಲ್ಲೋ ಆಡಿ ಬೆಳೆದ ಹುಡುಗಿಗೆ ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಮೇಲೇರುವ ಶಾಲಾ ಕ್ರೀಡೆಯ ದಾರಿಯೇ ಇದೆ. ಅದಕ್ಕೆ ಪಾಸ್‌ಪೋರ್ಟೂ ಬೇಡ, ಅಮ್ಮನ ಬಂಗಾರ ಅಡವಿಡುವುದೂ ಬೇಡ.

ಹಣ ಕಟ್ಟುವ ಮೊದಲು ಕೇಳಿ

• ಟೂರ್ನಿ ನಡೆಸುವವರು ಯಾರು? ಆ ಸಂಸ್ಥೆ ಕೇಂದ್ರ ಕ್ರೀಡಾ ಸಚಿವಾಲಯದ ಈಗಿನ ಮಾನ್ಯತೆ ಪಟ್ಟಿಯಲ್ಲಿ ಇದೆಯೇ? ಹ್ಯಾಂಡ್‌ಬಾಲ್ ಸಂಘಗಳ ನಡುವೆಯೇ ಅಧಿಕಾರದ ಜಗಳ ನಡೆದದ್ದಿದೆ. ಹಳೆಯ ಪಟ್ಟಿ ನಂಬಬೇಡಿ.
• ಆಯ್ಕೆ ಟ್ರಯಲ್ಸ್ ಎಲ್ಲಿ, ಯಾವಾಗ ನಡೆಯಿತು?
• ಹಣ ಸಂಸ್ಥೆಯ ಖಾತೆಗೋ, ಯಾರದೋ ಸ್ವಂತ ಯುಪಿಐಗೋ? ರಸೀದಿ ಕೊಡುತ್ತಾರೆಯೇ?
• ಶಾಲೆಯ ದೈಹಿಕ ಶಿಕ್ಷಕರು, ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಏನು ಹೇಳುತ್ತಾರೆ?

ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

ಆಹ್ವಾನಿತ ಟೂರ್ನಿ ಆಡಿದ ಹುಡುಗಿ ಸುಳ್ಳು ಹೇಳಿದಂತಲ್ಲ. ಅವಳು ಬೆವರು ಸುರಿಸಿಯೇ ಆಡಿರುತ್ತಾಳೆ. ಅವಳನ್ನು ಖಂಡಿತ ಅಭಿನಂದಿಸಿ. ಆದರೆ ‘ಭಾರತ ತಂಡ’, ‘ನೌಕರಿ ಗ್ಯಾರಂಟಿ’ ಎಂಬ ಸಾಲುಗಳನ್ನು ಪರಿಶೀಲಿಸದೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಮುಂದಿನ ಸಲ ಹಣ ಹೊಂದಿಸುವುದು ಪಕ್ಕದ ಮನೆಯವರೇ ಆಗಿರಬಹುದು.