ಮರುಭೂಮಿಯ ಅಂಗಡಿಯಲ್ಲಿ ಬೆಲೆ ಏಕೆ ಹೆಚ್ಚು?

ಆಸ್ಟ್ರೇಲಿಯದ ಭೂಪಟವನ್ನೊಮ್ಮೆ ಮುಂದೆ ಹರಡಿಕೊಳ್ಳಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಅಡಿಲೇಡ್, ಪರ್ತ್ ಮೊದಲಾಗಿ ಕ್ರಿಕೆಟ್ ಪಂದ್ಯಗಳಿಂದ ನಿಮಗೆ ಪರಿಚಿತವಾದ ಊರುಗಳೆಲ್ಲ ಕಡಲಂಚಿನಲ್ಲಿ ಅಥವಾ ಅದರ ಸಮೀಪದಲ್ಲೇ ಇವೆ. ನಡುವಿನ ವಿಶಾಲ ಪ್ರದೇಶದಲ್ಲಿ ಊರಿನ ಹೆಸರುಗಳು ಬಹಳ ವಿರಳ. ಈ ಒಣ ಒಳನಾಡನ್ನು ಅಲ್ಲಿಯವರು ‘ಔಟ್‌ಬ್ಯಾಕ್’ ಎಂದು ಕರೆಯುತ್ತಾರೆ.

ಈ ಒಳನಾಡಿಗೆ ಕಾರಿನಲ್ಲಿ ಹೋಗುವ ಪ್ರವಾಸಿಗಳು ನೂರಾರು ಕಿಲೋಮೀಟರು ಧೂಳು ಕುಡಿದು ಒಂದು ‘ರೋಡ್‌ಹೌಸ್’ ತಲುಪುತ್ತಾರೆ. ಪೆಟ್ರೋಲ್ ಬಂಕ್, ಅಂಗಡಿ, ಊಟದ ಮನೆ, ತಂಗುವ ಕೋಣೆ ಎಲ್ಲವೂ ಒಂದೇ ಸೂರಿನಡಿ ಇರುವ ತಾಣ ಅದು. ಅಲ್ಲಿನ ಪೆಟ್ರೋಲಿನ ಬೆಲೆ, ಬ್ರೆಡ್ಡಿನ ಬೆಲೆ ನೋಡಿ ಕೆಲವರು ಸಿಡುಕುತ್ತಾರೆ. ‘ಇದು ಹಗಲು ದರೋಡೆ’ ಎಂದು ಗಲ್ಲಾದ ಮುಂದೆ ನಿಂತವರೊಂದಿಗೆ ಜಗಳಕ್ಕೆ ಇಳಿಯುತ್ತಾರೆ. ಆ ಜಗಳದಲ್ಲಿ ನ್ಯಾಯವಿದೆಯೇ? ಈ ಪ್ರಶ್ನೆಯನ್ನು ಸ್ವಲ್ಪ ವಿಜ್ಞಾನ, ಸ್ವಲ್ಪ ಲೆಕ್ಕ ಬಳಸಿ ಪರಿಶೀಲಿಸೋಣ.

ದೂರದ ಲೆಕ್ಕ

ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿ ಎಂಬ ಆಡಳಿತ ಪ್ರದೇಶ ನಮ್ಮ ಕರ್ನಾಟಕದ ಸುಮಾರು ಏಳರಷ್ಟು ವಿಸ್ತಾರವಾಗಿದೆ. ಜನಸಂಖ್ಯೆ ಮಾತ್ರ ಸುಮಾರು ಎರಡೂವರೆ ಲಕ್ಷ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಉತ್ತರ ತೀರದ ಡಾರ್ವಿನ್ ನಗರದ ಆಸುಪಾಸಿನಲ್ಲಿದ್ದಾರೆ. ಖಂಡದ ನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್. ಅಲ್ಲಿಂದ ಉತ್ತರದ ಡಾರ್ವಿನ್‌ಗೆ ಸುಮಾರು 1,500 ಕಿಲೋಮೀಟರು. ದಕ್ಷಿಣದ ಅಡಿಲೇಡ್‌ಗೂ ಹೆಚ್ಚುಕಡಿಮೆ ಅಷ್ಟೇ.

ಒಂದು ಕಾಲದಲ್ಲಿ ಈ ದೂರಕ್ಕೆ ಸರಕು ಹೊತ್ತದ್ದು ಒಂಟೆಗಳು. 1860ರ ದಶಕದಿಂದ ಇಂದಿನ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಉತ್ತರ ಭಾರತದ ಭಾಗಗಳಿಂದ ಒಂಟೆಗಳೊಡನೆ ಅವುಗಳನ್ನು ನಡೆಸುವವರೂ ಹಡಗೇರಿ ಹೋದರು. ಅವರನ್ನೆಲ್ಲ ಒಟ್ಟಾಗಿ ‘ಅಫ್ಘನ್ನರು’ ಎಂದು ಕರೆಯುವುದು ರೂಢಿಯಾಯಿತು. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಮೂಲಕ ಡಾರ್ವಿನ್‌ಗೆ ಹೋಗುವ ರೈಲಿಗೆ ಇಂದಿಗೂ ‘ಘಾನ್’ ಎಂದೇ ಹೆಸರು. ಈಗ ಒಂಟೆಯ ಕೆಲಸವನ್ನು ‘ರೋಡ್ ಟ್ರೇನ್’ ಎಂಬ ಲಾರಿಗಳು ಮಾಡುತ್ತವೆ. ಒಂದೇ ಎಂಜಿನ್ನಿನ ಹಿಂದೆ ಮೂರು ನಾಲ್ಕು ಟ್ರೇಲರ್‌ಗಳು. ಒಟ್ಟು ಉದ್ದ 50 ಮೀಟರನ್ನೂ ಮೀರಬಹುದು.

ಈಗ ಒಂದು ಕಾಲ್ಪನಿಕ ಲೆಕ್ಕ ಮಾಡಿ. ಒಂದು ಲಾರಿ ದೂರದ ಹಳ್ಳಿಗೆ ಹೋಗಿಬರಲು 6,000 ಡಾಲರ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 20,000 ಕಿಲೋ ಸರಕು ಇದ್ದರೆ ಕಿಲೋ ಒಂದಕ್ಕೆ ಸಾಗಣೆ ವೆಚ್ಚ 30 ಸೆಂಟ್. ಆದರೆ ಹಳ್ಳಿಯಲ್ಲಿರುವುದು ಮುನ್ನೂರು ಜನ. ಅವರಿಗೆ ವಾರಕ್ಕೆ 4,000 ಕಿಲೋ ಸಾಕು. ಆಗ ಅದೇ ವೆಚ್ಚ ಕಿಲೋಗೆ ಒಂದೂವರೆ ಡಾಲರ್ ಆಗುತ್ತದೆ. ಲಾರಿ ಬರುವಾಗ ಖಾಲಿಯಾಗಿ ಬರುತ್ತದೆ ಎಂಬುದನ್ನೂ ಮರೆಯಬೇಡಿ. ದೂರಕ್ಕಿಂತಲೂ ಹೆಚ್ಚಾಗಿ, ಆ ದೂರದ ಖರ್ಚನ್ನು ಹಂಚಿಕೊಳ್ಳುವ ಜನ ಕಡಿಮೆ ಇರುವುದೇ ಇಲ್ಲಿನ ತೊಡಕು.

ತಂಪಿಗೂ ಬೆಲೆ ಇದೆ

ಹಾಲು, ಮಾಂಸ, ತರಕಾರಿಗಳನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೊರಗಿನ ಉಷ್ಣತೆ 24 ಡಿಗ್ರಿ ಇದ್ದರೆ ವ್ಯತ್ಯಾಸ 20 ಡಿಗ್ರಿ. ಬೇಸಿಗೆಯಲ್ಲಿ ಹೊರಗೆ 44 ಡಿಗ್ರಿ ಇದ್ದರೆ ವ್ಯತ್ಯಾಸ 40. ಒಳಕ್ಕೆ ನುಗ್ಗುವ ಶಾಖ ಈ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅಂದರೆ ಶೈತ್ಯಾಗಾರ ಎರಡರಷ್ಟು ಶಾಖವನ್ನು ಹೊರಹಾಕಬೇಕು. ಅದಕ್ಕೆ ಬೇಕಾದ ವಿದ್ಯುತ್ತು ಅನೇಕ ಕಡೆ ಡೀಸೆಲ್ ಜನರೇಟರಿನಿಂದ ಬರುತ್ತದೆ. ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಡೀಸೆಲೂ ಲಾರಿಯಲ್ಲೇ ಬಂದದ್ದು. ಈಚೆಗೆ ಸೌರಫಲಕಗಳು ಬಂದು ಈ ಹೊರೆ ಕೆಲವೆಡೆ ತಗ್ಗುತ್ತಿದೆ.

ಹಾಳಾಗುವ ಸರಕಿನ ಲೆಕ್ಕ ಬೇರೆ. ಹತ್ತು ಕಿಲೋ ಬಾಳೆಹಣ್ಣಿನಲ್ಲಿ ಮೂರು ಕಿಲೋ ಕೊಳೆತರೆ, ಹತ್ತರ ಅಸಲನ್ನು ಉಳಿದ ಏಳರಿಂದಲೇ ಹುಟ್ಟಿಸಬೇಕು. ಬೆಲೆಯನ್ನು ಶೇಕಡಾ 43ರಷ್ಟು ಏರಿಸಿದರೆ ಮಾತ್ರ ಅಸಲು ಕೈಸೇರುತ್ತದೆ. ಉತ್ತರದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಆಗ ಮಣ್ಣಿನ ದಾರಿಗಳು ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಸರಕು ದೋಣಿಯಲ್ಲೋ ವಿಮಾನದಲ್ಲೋ ಬರಬೇಕು.

ಯಾರ ಹೊರೆ?

ನೀವು ಪ್ರವಾಸಿಯಾಗಿ ಹೋದರೆ ಈ ಬೆಲೆಯನ್ನು ಒಂದು ಸಲ ಕೊಡುತ್ತೀರಿ, ಮುಂದಕ್ಕೆ ಹೋಗುತ್ತೀರಿ. ಅಲ್ಲಿರುವವರು ಅದನ್ನು ಪ್ರತಿ ವಾರವೂ ಕೊಡಬೇಕು. ದೂರದ ಹಳ್ಳಿಗಳಲ್ಲಿ ವಾಸಿಸುವವರು ಬಹುಪಾಲು ಮೂಲನಿವಾಸಿಗಳು. ಅಲ್ಲಿ ನೌಕರಿಗಳು ಕಡಿಮೆ, ಆದಾಯ ನಗರದವರಿಗಿಂತ ತೀರ ಕಡಿಮೆ. ನಾರ್ದರ್ನ್ ಟೆರಿಟರಿ ಸರ್ಕಾರದ 2019ರ ಸಮೀಕ್ಷೆಯಲ್ಲಿ, ಒಂದು ಕುಟುಂಬಕ್ಕೆ ಬೇಕಾದ ಆಹಾರದ ಬುಟ್ಟಿ ಪಟ್ಟಣದ ಸೂಪರ್ ಮಾರ್ಕೆಟ್ಟಿಗಿಂತ ದೂರದ ಹಳ್ಳಿಯ ಅಂಗಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ದುಬಾರಿಯಾಗಿತ್ತು.

ಇದರ ಪರಿಣಾಮ ಕಿಸೆಯ ಮೇಲಷ್ಟೇ ಆಗುವುದಿಲ್ಲ. ಬೇಗ ಕೆಡುವ ಹಣ್ಣು, ಸೊಪ್ಪು, ತರಕಾರಿಗಳಿಗೆ ಬೆಲೆ ಏರುತ್ತದೆ. ಕೆಡದೆ ನಿಲ್ಲುವ ಸಕ್ಕರೆ, ಮೈದಾ, ಸಿಹಿ ಪಾನೀಯಗಳು ಕಪಾಟಿನಲ್ಲಿ ಸದಾ ಇರುತ್ತವೆ. ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಗಳು ಮೂಲನಿವಾಸಿಗಳಲ್ಲಿ ಇತರರಿಗಿಂತ ಬಹಳ ಹೆಚ್ಚು. ಇದಕ್ಕೆ ಕಾರಣಗಳು ಹಲವು. ಒಳ್ಳೆಯ ಆಹಾರ ಕೈಗೆಟುಕದಿರುವುದು ಅವುಗಳಲ್ಲೊಂದು. ಟೊಮ್ಯಾಟೊ ಬೆಲೆ ಅಲ್ಲಿ ಆರೋಗ್ಯದ ಪ್ರಶ್ನೆ.

ಹಾಗಾದರೆ ಅಂಗಡಿಯವರು ಹೇಳಿದ ಬೆಲೆಯೆಲ್ಲ ನ್ಯಾಯವೇ? ಹಾಗೂ ಹೇಳಲಾಗದು. ಊರಿಗೆ ಒಂದೇ ಅಂಗಡಿ ಇರುವಲ್ಲಿ ಪೈಪೋಟಿ ಇರುವುದಿಲ್ಲ; ಮೇಲ್ವಿಚಾರಣೆ ಬೇಕು. ದೂರುಗಳು ಹೆಚ್ಚಿದಾಗ 2020ರಲ್ಲಿ ಆಸ್ಟ್ರೇಲಿಯದ ಸಂಸದೀಯ ಸಮಿತಿಯೊಂದು ವಿಚಾರಣೆ ನಡೆಸಿ, ಈ ಅಂಗಡಿಗಳ ಬೆಲೆಗಳ ಮೇಲೆ ನಿರಂತರ ನಿಗಾ ಇಡಬೇಕೆಂದು ಸಲಹೆ ಮಾಡಿತು. 2025ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ 30 ಅವಶ್ಯಕ ವಸ್ತುಗಳನ್ನು ದೂರದ ಹಳ್ಳಿಗಳಲ್ಲೂ ನಗರದ ಬೆಲೆಗೆ ಒದಗಿಸುವ ಯೋಜನೆಯನ್ನು ಪ್ರಕಟಿಸಿತು. ಅನೇಕ ಹಳ್ಳಿ ಅಂಗಡಿಗಳು ಸಮುದಾಯದ ಸ್ವಂತದ್ದೇ ಆಗಿವೆ. ಲಾಭ ಬಂದರೆ ಊರಿಗೇ ಮರಳುತ್ತದೆ. ಹೀಗಾಗಿ ಬೆಲೆಯನ್ನು ಪ್ರಶ್ನಿಸುವುದು ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸರ್ಕಾರ, ಸಗಟು ವ್ಯಾಪಾರಿ, ಸಾಗಣೆದಾರರು. ಗಲ್ಲಾದ ಹಿಂದೆ ನಿಂತ ಹುಡುಗಿಯ ಕೈಯಲ್ಲಿ ಏನೂ ಇಲ್ಲ. ಸಂಜೆ ಮನೆಗೆ ಹೋಗುವಾಗ ಅವಳೂ ಅದೇ ಬೆಲೆಗೆ ಬ್ರೆಡ್ಡು ಕೊಳ್ಳುತ್ತಾಳೆ.

ಇನ್ನೊಬ್ಬರ ಮನೆಯಂಗಳ

ಖಾಲಿಯಾಗಿ ಕಂಡ ಮಾತ್ರಕ್ಕೆ ಆ ನೆಲ ಯಾರದೂ ಅಲ್ಲವೆಂದು ತಿಳಿಯಬಾರದು. 1976ರ ಭೂಹಕ್ಕು ಕಾಯಿದೆಯ ನಂತರ ನಾರ್ದರ್ನ್ ಟೆರಿಟರಿಯ ಸುಮಾರು ಅರ್ಧ ಭೂಮಿ ಮೂಲನಿವಾಸಿಗಳ ಒಡೆತನಕ್ಕೆ ಬಂದಿದೆ. ಅಲ್ಲಿ ಪ್ರವೇಶಿಸಲು ಸಾಮಾನ್ಯವಾಗಿ ಮುಂಚಿತವಾಗಿ ಪರವಾನಗಿ ಪಡೆಯಬೇಕು. ಪಶ್ಚಿಮದ ಲಾವರ್ಟನ್ನಿನಿಂದ ಉಲೂರು ಬಂಡೆಯ ಕಡೆಗೆ 1,100 ಕಿಲೋಮೀಟರಿಗೂ ಹೆಚ್ಚು ಸಾಗುವ ಗ್ರೇಟ್ ಸೆಂಟ್ರಲ್ ರೋಡ್ ಇಂಥ ನೆಲವನ್ನು ಹಾದುಹೋಗುತ್ತದೆ. ಆ ದಾರಿಗೂ ಪರವಾನಗಿ ಬೇಕು. ಬೆಂಗಳೂರಿನಿಂದ ಮುಂಬಯಿಗಿಂತಲೂ ಉದ್ದವಾದ ಈ ದಾರಿಯಲ್ಲಿ ಇಂಧನ ಸಿಗುವ ತಾಣಗಳನ್ನು ಬೆರಳಲ್ಲಿ ಎಣಿಸಬಹುದು. ಅವುಗಳಲ್ಲಿ ಒಂದು ಲಾಭವಿಲ್ಲದೆ ಮುಚ್ಚಿದರೆ ಪ್ರವಾಸಿಯೂ ಸಿಕ್ಕಿಬೀಳುತ್ತಾನೆ, ಊರಿನವರೂ ಸಿಕ್ಕಿಬೀಳುತ್ತಾರೆ.

ಉಲೂರು ಬಂಡೆಯನ್ನು 1985ರಲ್ಲಿ ಅದರ ಒಡೆಯರಾದ ಅನಂಗು ಜನರಿಗೆ ಹಿಂತಿರುಗಿಸಲಾಯಿತು. ಅದನ್ನು ಹತ್ತಬೇಡಿ ಎಂದು ಅವರು ವರ್ಷಗಳ ಕಾಲ ಕೇಳಿಕೊಂಡರು. 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಷಿದ್ಧವಾಯಿತು. ಪವಿತ್ರವಾದ ಕೆಲವು ಭಾಗಗಳ ಚಿತ್ರ ತೆಗೆಯಬಾರದೆಂದೂ ಅಲ್ಲಿ ಫಲಕಗಳಿವೆ.

ನಮ್ಮ ಕಿರುತೆರೆಯ ವೃತ್ತಿಗೆ ಸಂಬಂಧಿಸಿದ ಒಂದು ಸಂಗತಿಯನ್ನೂ ಹೇಳಬೇಕು. ಮೃತರ ಹೆಸರು ಹೇಳುವುದು, ಚಿತ್ರ ತೋರಿಸುವುದು ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ದುಃಖಕರ, ಕೆಲವೆಡೆ ವರ್ಜ್ಯ. ಆದ್ದರಿಂದ ಆಸ್ಟ್ರೇಲಿಯದ ಟೆಲಿವಿಷನ್ ಕಾರ್ಯಕ್ರಮಗಳ ಆರಂಭದಲ್ಲಿ ‘ಇದರಲ್ಲಿ ತೀರಿಕೊಂಡವರ ಚಿತ್ರ ಅಥವಾ ಧ್ವನಿ ಇರಬಹುದು’ ಎಂಬ ಎಚ್ಚರಿಕೆ ಬರುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1988ರಿಂದ ‘ಇಂಪಾರ್ಜಾ’ ಎಂಬ ಮೂಲನಿವಾಸಿಗಳ ಒಡೆತನದ ಟೆಲಿವಿಷನ್ ಕೇಂದ್ರವೇ ಇದೆ. ಊರಿನಲ್ಲಿ ಸಾವು ಸಂಭವಿಸಿದಾಗ ಹೊರಗಿನವರು ಪ್ರವೇಶಿಸದಿರುವುದು ಒಳ್ಳೆಯದು, ಅಂಗಡಿಯೂ ಮುಚ್ಚಿರಬಹುದು. ಅದನ್ನು ಸೋಮಾರಿತನವೆಂದು ಬೈಯುವವನು ಸಾವಿನ ಮನೆಯ ಮುಂದೆ ಗಲಾಟೆ ಮಾಡಿದಂತೆ.

ನೀವು ಹೋದರೆ

ಮೆಲ್ಬರ್ನ್, ಸಿಡ್ನಿಗಳಿಗೆ ಓದಲು ಹೋಗುವ ಕನ್ನಡದ ವಿದ್ಯಾರ್ಥಿಗಳು ಇಂದು ಸಾಕಷ್ಟಿದ್ದಾರೆ. ನಾಳೆ ನಿಮ್ಮಲ್ಲೂ ಕೆಲವರು ಹೋಗಬಹುದು. ರಜೆಯಲ್ಲಿ ಗೆಳೆಯರೊಡನೆ ಒಳನಾಡಿಗೆ ಹೊರಡಬಹುದು. ಆಗ ಈ ಕೆಲವು ಮಾತುಗಳು ನೆನಪಿರಲಿ.

ಹೊರಡುವ ಮೊದಲೇ ಪರವಾನಗಿ ಪಡೆಯಿರಿ. ದಾರಿ ತೆರೆದಿದೆಯೇ ಎಂದು ವಿಚಾರಿಸಿ. ಮಳೆಯ ನಂತರ ಮುಚ್ಚಿದ ಮಣ್ಣಿನ ದಾರಿಯಲ್ಲಿ ವಾಹನ ಓಡಿಸಿದರೆ ಆಳವಾದ ಗಾಲಿಗುಂಡಿಗಳು ಬೀಳುತ್ತವೆ. ಮುಂದಿನ ವಾರ ತರಕಾರಿ ಲಾರಿ ಅದೇ ದಾರಿಯಲ್ಲಿ ಬರಬೇಕು. ಮದ್ಯ ನಿಷೇಧವಿರುವ ಊರುಗಳು ಅನೇಕ. ಅಲ್ಲಿಗೆ ಒಯ್ಯುವುದು ಅಪರಾಧ. ದಾರಿಯ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ದನಗಳಿಗೆ ನೀರು ಎಲ್ಲಿದೆ ಎಂಬುದು ಆ ಗೇಟಿನ ಮೇಲೆ ನಿಂತಿರುತ್ತದೆ. ಜನರ, ಮನೆಗಳ, ಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬೇಡಿ.

ಅಂಗಡಿಯಲ್ಲಿ ಚೌಕಾಸಿ ಮಾಡಬೇಡಿ. ಕಪಾಟಿನಲ್ಲಿ ಹತ್ತೇ ಬ್ರೆಡ್ಡಿದ್ದರೆ ಎಂಟನ್ನು ಬಾಚಿಕೊಳ್ಳಬೇಡಿ. ಮುಂದಿನ ಲಾರಿ ಬರುವವರೆಗೆ ಅದು ಊರಿನವರ ಪಾಲು. ಪಟ್ಟಣದಿಂದಲೇ ಅಕ್ಕಿ, ಬೇಳೆ ಒಯ್ದಿದ್ದರೂ ಶೌಚಾಲಯ, ನೆರಳು, ದಾರಿಯ ಸುದ್ದಿ ಬಳಸಿಕೊಂಡ ಕಡೆ ಏನಾದರೂ ಸ್ವಲ್ಪ ಕೊಳ್ಳಿ. ನಿಮ್ಮ ಕಸವನ್ನು ನೀವೇ ವಾಪಸು ತನ್ನಿ. ಅದನ್ನು ಸಾಗಿಸಲೂ ಲಾರಿಯೇ ಬೇಕು.

ಇನ್ನೊಂದು ಚಿಕ್ಕ ಅಭ್ಯಾಸ: ಅಲ್ಲಿ ಎದುರು ಬರುವ ವಾಹನದ ಚಾಲಕ ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕಾರ ತಿಳಿಸುತ್ತಾನೆ. ನೀವೂ ಬೆರಳೆತ್ತಿ. ನಿಮ್ಮ ಗಾಡಿ ಕೆಟ್ಟು ನಿಂತರೆ ನೀರು ಕೊಟ್ಟು ಸಹಾಯಕ್ಕೆ ಬರುವವನು ಅವನೇ ಆಗಿರಬಹುದು.