ಬಣ್ಣಕ್ಕಿಂತ ಮೂಲ ಎಂಜಿನ್‌ಗೇ ಬೆಲೆ

ನಾರಾಯಣಖೇಡ್: ಈ ತಾಲ್ಲೂಕು ಬೀದರ್ ಜಿಲ್ಲೆಯಲ್ಲಿದ್ದ ಕಾಲದ, ಅಂದರೆ 1956ಕ್ಕೂ ಹಿಂದಿನ ಅಮೆರಿಕನ್ ಕಾರನ್ನು ಹೊಸದರಂತೆ ಮಾಡಿಸಿ ಮಾರಬೇಕೇ? ಬಣ್ಣ ಹೊಡೆಸುವ ಮುನ್ನ ಬಾನೆಟ್ ಎತ್ತಿ ನೋಡಿ.

ಆಗ ಡಾಡ್ಜ್, ಪ್ಲಿಮತ್‌ಗಳು ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿದ್ದವು. ಪೆಟ್ರೋಲ್ ಬಹಳ ಕುಡಿಯುತ್ತೆ ಅಂತ ಎಷ್ಟೋ ಮಂದಿ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದರು. ಎಡವಟ್ಟು ಇಲ್ಲೇ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತೆ. ಆದರೆ ಎಂಜಿನ್, ಚಾಸಿ, ಬಾಡಿಯನ್ನು ಮಾರ್ಪಡಿಸಿರಬಾರದು. ಶುಲ್ಕ 20,000 ರೂ., ಅವಧಿ 10 ವರ್ಷ. ಸಾರಿಗೆ ಕಚೇರಿಗೆ ತಿಳಿಸಿ ಮಾರಬಹುದು. ಬಾಡಿಗೆಗೆ, ದಿನದ ಓಡಾಟಕ್ಕೆ ಬಳಸುವಂತಿಲ್ಲ.

ಮೂಲ ಎಂಜಿನ್ ಇಲ್ಲದಿದ್ದರೆ ಲಕ್ಷಗಟ್ಟಲೆ ಸುರಿದರೂ ಈ ನೋಂದಣಿ ಸಿಗೋದು ಕಷ್ಟ. ಕೊಟ್ಟಿಗೆಯಲ್ಲಿ ಬಿಚ್ಚಿಟ್ಟ ಹಳೆ ಎಂಜಿನ್ ಇದ್ದರೆ ಗುಜರಿಗೆ ಹಾಕಬೇಡಿ.