ಆಳವೋ, ಎತ್ತರವೋ?

ನೌಕಾದಳ ಸೇರುವ ಸಗರನಾಡಿನ ತರುಣನು ಜಲಾಂತರ್ಗಾಮಿಯನ್ನು ಆರಿಸಬೇಕೆ, ವಿಮಾನವನ್ನೆ? ಬಾವಿಯಲ್ಲಿ ಮುಳುಗು ಹಾಕಿದಾಗ ಕಿವಿ ನೋಯುವುದಷ್ಟೆ. ಜಲಾಂತರ್ಗಾಮಿಯ ವಿಜ್ಞಾನ ಅಲ್ಲಿಂದಲೇ ಮೊದಲಾಗುತ್ತದೆ. ಪ್ರತಿ 10 ಮೀಟರು ಇಳಿದಂತೆಲ್ಲ ಒತ್ತಡವು ಒಂದು ವಾಯುಭಾರದಷ್ಟು ಏರುವುದು. 200 ಮೀಟರಿನಲ್ಲಿ ಹಡಗಿನ ಹೊರಮೈಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 20 ಕಿಲೋಗ್ರಾಂ ಭಾರ! ಉಪ್ಪುನೀರಿನಲ್ಲಿ ರೇಡಿಯೋ ಅಲೆಗಳು ಬೇಗನೆ ಉಡುಗುವುದರಿಂದ ಅಲ್ಲಿ ಶಬ್ದವೇ ಕಣ್ಣು. ಆದುದರಿಂದ ವಾರಗಟ್ಟಲೆ ಬಿಸಿಲು ಕಾಣದೆ, ಸದ್ದು ಮಾಡದೆ, ಕಿವಿಗೊಟ್ಟು ಕಾಯಬಲ್ಲವನೇ ಅದಕ್ಕೆ ತಕ್ಕವನು. ಮಾತುಗಾರರಿಗೆ ಅದು ಸಲ್ಲದೆಂದು ನನ್ನೆಣಿಕೆ.

ನಮ್ಮಲ್ಲಿ ವಿಮಾನಶಾಖೆಯೇ ಹಿರಿದು: ಕೊಚ್ಚಿಯ ‘ಗರುಡ’ ನೆಲೆ 1953ರದು, ಮೊದಲ ಜಲಾಂತರ್ಗಾಮಿ ‘ಕಲ್ವರಿ’ 1967ರದು. ವೈಮಾನಿಕನಿಗಾದರೋ ಕಾಯುವ ವ್ಯವಧಾನವಿಲ್ಲ. ಅವನು ಮರಳಿ ಇಳಿಯಬೇಕಾದ ಹಡಗಿನ ಅಟ್ಟವು ಅಲೆಯೊಡನೆ ಏರಿಳಿಯುತ್ತಿರುತ್ತದೆ. ವಿಮಾನದ ಕೊಕ್ಕೆ ತಂತಿಗೆ ಸಿಕ್ಕದಿದ್ದರೆ ಆ ಕ್ಷಣವೇ ಮತ್ತೆ ಮೇಲೇರಬೇಕು.